ಚಕ್ರದ ಮನೆಗೆ ತಕ್ಕ ಪಿಕಪ್ ಯಾವುದು?

1954ರಲ್ಲಿ ತೆರೆಕಂಡ 'ದಿ ಲಾಂಗ್, ಲಾಂಗ್ ಟ್ರೇಲರ್' ಎಂಬ ಹಾಲಿವುಡ್ ಹಾಸ್ಯಚಿತ್ರದಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ತಮ್ಮ ಕಾರಿನ ಹಿಂದೆ ಉದ್ದನೆಯ ಗಾಲಿಮನೆಯೊಂದನ್ನು ಕಟ್ಟಿಕೊಂಡು ದೇಶ ಸುತ್ತಲು ಹೊರಡುತ್ತದೆ. ಹೋದಲ್ಲೆಲ್ಲ ನೆನಪಿಗಾಗಿ ಒಂದು ಕಲ್ಲು ಆಯ್ದು ತರುವ ಹುಚ್ಚು ಹೆಂಡತಿಗೆ. ಮುಂದೆ ಪರ್ವತದ ರಸ್ತೆ ಇದೆ, ಕಲ್ಲುಗಳನ್ನು ಎಸೆದು ಬಾ ಎಂದು ಗಂಡ ಹೇಳುತ್ತಾನೆ. ಆಕೆಗೆ ಮನಸ್ಸು ಬಾರದು. ಎಸೆದೆ ಎಂದು ನಂಬಿಸಿ, ಟ್ರೇಲರಿನ ಒಳಗೇ ಬಚ್ಚಿಡುತ್ತಾಳೆ. ಕಡಿದಾದ ಏರಿನಲ್ಲಿ ಆ ಕಲ್ಲುಗಳೆಲ್ಲ ಉರುಳಾಡತೊಡಗಿದಾಗ ಗುಟ್ಟು ರಟ್ಟಾಗುತ್ತದೆ. ಪ್ರೇಕ್ಷಕರು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ.

ಆದರೆ ನಿಜವಾದ ರಸ್ತೆಯಲ್ಲಿ ಇದು ನಗುವ ವಿಷಯವಲ್ಲ. ಮೂರು ಟನ್ ತೂಕದ ಮನೆಯೊಂದು ಹಿಂದಿನಿಂದ ತೂಗಾಡತೊಡಗಿದರೆ ಮುಂದಿನ ವಾಹನದಲ್ಲಿರುವ ತಂದೆ ತಾಯಿ ಮಕ್ಕಳ ಪ್ರಾಣವೇ ಪಣಕ್ಕೆ ಬೀಳುತ್ತದೆ. ಅಂಥ ಮನೆಯನ್ನು ಎಳೆಯಲು ಯಾವ ಪಿಕಪ್ ಟ್ರಕ್ ಕೊಳ್ಳಬೇಕು ಎಂಬುದು ಅಮೆರಿಕದ ಸಾವಿರಾರು ಕುಟುಂಬಗಳ ಮುಂದೆ ಪ್ರತಿ ಬೇಸಿಗೆಯಲ್ಲೂ ಬರುವ ಪ್ರಶ್ನೆ. ಉತ್ತರ ಜಾಹೀರಾತಿನಲ್ಲಿ ಸಿಗುತ್ತದೆ ಎಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಅದು ಸಿಗುವುದು ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಒಂದು ಸಣ್ಣ ಚೀಟಿಯಲ್ಲಿ. ಆ ಚೀಟಿಯನ್ನು ಓದಲು ಪ್ರೌಢಶಾಲೆಯಲ್ಲಿ ಕಲಿತ ಸನ್ನೆಯ ಪಾಠವೊಂದು ಗೊತ್ತಿದ್ದರೆ ಸಾಕು.

ಮನೆಗೆ ಚಕ್ರ ಬಂದದ್ದು

ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗಿಬಂದ ಕನ್ನಡದ ತಂದೆ ತಾಯಿಗಳು ಅಲ್ಲಿನ ಹೆದ್ದಾರಿಗಳಲ್ಲಿ ಈ ಗಾಲಿಮನೆಗಳನ್ನು ನೋಡಿಯೇ ಇರುತ್ತಾರೆ. ಟ್ರಾವೆಲ್ ಟ್ರೇಲರ್ ಎಂಬುದು ಇದರ ಹೆಸರು. ಒಳಗೆ ಹಾಸಿಗೆ, ಒಲೆ, ತಂಗಳುಪೆಟ್ಟಿಗೆ, ಶೌಚಾಲಯ, ನೀರಿನ ತೊಟ್ಟಿ ಎಲ್ಲವೂ ಇರುತ್ತವೆ. ಇದಕ್ಕೆ ಸ್ವಂತ ಎಂಜಿನ್ ಇಲ್ಲ. ಮುಂದೊಂದು ವಾಹನ ಎಳೆಯಬೇಕು. ತಂಗುವ ತಾಣ ತಲುಪಿದ ಮೇಲೆ ಮನೆಯನ್ನು ಅಲ್ಲೇ ಕಳಚಿ ನಿಲ್ಲಿಸಿ, ವಾಹನವನ್ನು ಮಾತ್ರ ಒಯ್ದು ಊರು ಸುತ್ತಬಹುದು ಎಂಬುದೇ ಇದರ ಅನುಕೂಲ.

ಈ ಮನೆಗಳ ಚರಿತ್ರೆಯಲ್ಲಿ ವಿಮಾನಕ್ಕೂ ಒಂದು ಪಾತ್ರವಿದೆ. ಚಾರ್ಲ್ಸ್ ಲಿಂಡ್‌ಬರ್ಗ್ 1927ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟಿದ ವಿಮಾನದ ನಿರ್ಮಾಣದ ಉಸ್ತುವಾರಿ ನೋಡಿಕೊಂಡಿದ್ದ ಹಾಲಿ ಬೌಲಸ್ ಎಂಬಾತ 1934ರಲ್ಲಿ ಅಲ್ಯೂಮಿನಿಯಂ ಹಾಳೆಗಳನ್ನು ರಿವೆಟ್ ಹೊಡೆದು ಜೋಡಿಸಿದ ಹಗುರ ಟ್ರೇಲರನ್ನು ತಯಾರಿಸಿದ. 1936ರಲ್ಲಿ ವಾಲಿ ಬಯಮ್‌ನ ಏರ್‌ಸ್ಟ್ರೀಮ್ ಕಂಪನಿ ಅದೇ ಮಾದರಿಯ 'ಕ್ಲಿಪ್ಪರ್' ಟ್ರೇಲರನ್ನು ಮಾರುಕಟ್ಟೆಗೆ ತಂದಿತು. ಬೆಳ್ಳಿಯಂತೆ ಹೊಳೆಯುವ ಈ ಏರ್‌ಸ್ಟ್ರೀಮ್‌ಗಳು ಎಷ್ಟು ಹೆಸರಾದವೆಂದರೆ, 1969ರಲ್ಲಿ ಚಂದ್ರನಿಂದ ಮರಳಿದ ಅಪೊಲೊ-11ರ ಮೂವರು ಗಗನಯಾತ್ರಿಗಳನ್ನು ಸೋಂಕಿನ ಭಯದಿಂದ ಮೊದಲು ಕೂಡಿಹಾಕಿದ್ದೂ ಮಾರ್ಪಡಿಸಿದ ಒಂದು ಏರ್‌ಸ್ಟ್ರೀಮ್ ಟ್ರೇಲರಿನಲ್ಲಿಯೇ.

ಎಳೆಯುವ ವಾಹನದ ಕಥೆಯೂ ಹಳೆಯದೇ. ಫೋರ್ಡ್ ಕಂಪನಿ 1925ರಲ್ಲಿ ತನ್ನ ಮಾಡೆಲ್-ಟಿ ಕಾರಿಗೆ ಕಾರ್ಖಾನೆಯಲ್ಲೇ ಸಾಮಾನಿನ ತೊಟ್ಟಿ ಕೂಡಿಸಿ ಪಿಕಪ್ ಮಾಡಿ ಮಾರಿತು. 1948ರಲ್ಲಿ ಅದರ ಎಫ್-ಸರಣಿಯ ಟ್ರಕ್ಕುಗಳು ಬಂದವು. ರೈತರು ಹುಲ್ಲು, ಗೊಬ್ಬರ ಹೇರಲು ಕೊಳ್ಳುತ್ತಿದ್ದ ವಾಹನ ಕ್ರಮೇಣ ಕುಟುಂಬದ ವಾಹನವಾಯಿತು.

ದೊಡ್ಡ ಅಕ್ಷರದ ಅಂಕಿ

ಪಿಕಪ್ ಕಂಪನಿಗಳ ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಎಳೆಯುವ ಸಾಮರ್ಥ್ಯದ ಅಂಕಿ. 11,000 ಪೌಂಡ್ ಎಳೆಯಬಲ್ಲದು ಎಂದು ಬರೆದಿರುತ್ತದೆ ಎಂದಿಟ್ಟುಕೊಳ್ಳೋಣ. ಸುಮಾರು 4,990 ಕಿಲೋಗ್ರಾಂ. ಕೊಳ್ಳಬೇಕೆಂದಿರುವ ಟ್ರೇಲರಿನ ತೂಕ 7,000 ಪೌಂಡ್, ಎಂದರೆ 3,175 ಕಿಲೋ. ಇನ್ನೂ 1,800 ಕಿಲೋದಷ್ಟು ಮಿಗುತ್ತದೆ, ಇನ್ನೇನು ಬೇಕು ಎಂದು ಗ್ರಾಹಕ ಸಮಾಧಾನಪಡುತ್ತಾನೆ.

ಹಾಗಾದರೆ ಆ ಅಂಕಿ ಸುಳ್ಳೇ? ಖಂಡಿತ ಅಲ್ಲ. ಒಂದು ಕಾಲಕ್ಕೆ ಪ್ರತಿ ಕಂಪನಿಯೂ ತನಗೆ ತೋಚಿದ ರೀತಿಯಲ್ಲಿ ಈ ಅಂಕಿಯನ್ನು ನಿಗದಿಪಡಿಸುತ್ತಿದ್ದುದು ನಿಜ. ಮೋಟಾರು ಎಂಜಿನಿಯರುಗಳ ಸಂಸ್ಥೆಯಾದ ಎಸ್.ಎ.ಇ. 2008ರಲ್ಲಿ ಜೆ-2807 ಎಂಬ ಸಮಾನ ಮಾನದಂಡವನ್ನು ಪ್ರಕಟಿಸಿತು. 2011ರ ಮಾದರಿಗಳಿಂದ ಟೊಯೋಟಾ ಅದನ್ನು ಮೊದಲಿಗೆ ಪಾಲಿಸಿತು. ಉಳಿದವರು ಒಬ್ಬೊಬ್ಬರಾಗಿ ಅನುಸರಿಸಿದರು.

ಈ ಪರೀಕ್ಷೆ ಸುಲಭದ್ದಲ್ಲ. ಕೊಲೊರಾಡೊ ನದಿಗೆ ಕಟ್ಟಿದ ಡೇವಿಸ್ ಅಣೆಕಟ್ಟಿನ ಬಳಿಯಿಂದ ಅರಿಜೋನಾದ ಬೆಟ್ಟಗಳಿಗೆ ಏರುವ 11.4 ಮೈಲಿ ಉದ್ದದ, ಎಂದರೆ ಸುಮಾರು 18 ಕಿಲೋಮೀಟರ್ ಉದ್ದದ ರಸ್ತೆಯೇ ಇದರ ಅಳತೆಗೋಲು. ಹೊರಗೆ ಕನಿಷ್ಠ 100 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. ಒಳಗೆ ಹವಾನಿಯಂತ್ರಣ ಪೂರ್ತಿ ಓಡುತ್ತಿರಬೇಕು. ಹಿಂದಿನ ಅಚ್ಚಿನ ಎರಡೂ ಬದಿಗೆ ಒಂದೊಂದೇ ಚಕ್ರವಿರುವ ಪಿಕಪ್ ಆ ಏರಿನಲ್ಲಿ ಗಂಟೆಗೆ 40 ಮೈಲಿಗಿಂತ, ಎಂದರೆ 64 ಕಿಲೋಮೀಟರಿಗಿಂತ ನಿಧಾನವಾಗಬಾರದು. ಎಂಜಿನ್, ಗೇರುಪೆಟ್ಟಿಗೆ, ರೇಡಿಯೇಟರು ಎಲ್ಲಕ್ಕೂ ಇದು ಅಗ್ನಿಪರೀಕ್ಷೆ.

ಆದರೆ ಒಂದು ಮಾತು ಗಮನಿಸಬೇಕು. ಈ ಪರೀಕ್ಷೆಯ ಲೆಕ್ಕದಲ್ಲಿ ಪಿಕಪ್ಪಿನೊಳಗೆ ಕುಳಿತವರು ಇಬ್ಬರೇ. ತಲಾ 150 ಪೌಂಡ್, ಎಂದರೆ 68 ಕಿಲೋ. ಹಿಂದಿನ ಸೀಟಿನಲ್ಲಿ ಮಕ್ಕಳಿಲ್ಲ. ತೊಟ್ಟಿಯಲ್ಲಿ ಸೈಕಲ್ಲಿಲ್ಲ, ಸೌದೆಯಿಲ್ಲ, ಜನರೇಟರಿಲ್ಲ. ಅಂಕಿ ಸತ್ಯವೇ, ಆದರೆ ಅದು ಬೇರೊಂದು ಪ್ರಶ್ನೆಗೆ ಉತ್ತರ. ಈ ವಾಹನ ಎಷ್ಟು ಎಳೆಯಬಲ್ಲದು ಎಂಬುದನ್ನು ಅದು ಹೇಳುತ್ತದೆ. ಕುಟುಂಬಕ್ಕೆ ಬೇಕಾಗಿರುವುದು ಈ ವಾಹನ ಎಷ್ಟು ಹೊರಬಲ್ಲದು ಎಂಬ ಪ್ರಶ್ನೆಗೆ ಉತ್ತರ.

ಗಾಡಿಯ ಮೂಕಿ ಕಲಿಸುವ ಪಾಠ

ಎಳೆಯುವ ಮಾತಿನಲ್ಲಿ ಹೊರುವುದು ಎಲ್ಲಿಂದ ಬಂತು? ಇದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ. ಎತ್ತಿನ ಗಾಡಿಗೆ ಮೂಟೆ ಹೇರುವುದನ್ನು ನೋಡಿದರೆ ಸಾಕು. ಗಾಡಿಯ ಅಚ್ಚಿನ ಹಿಂದಕ್ಕೆ ಹೆಚ್ಚು ಭಾರ ಬಿದ್ದರೆ ಮೂಕಿ ಮೇಲೆದ್ದು ನೊಗ ಎತ್ತುಗಳ ಕೊರಳನ್ನು ಜಗ್ಗುತ್ತದೆ. ಮುಂದಕ್ಕೆ ಹೆಚ್ಚು ಬಿದ್ದರೆ ಎತ್ತುಗಳ ಹೆಗಲು ಕುಸಿಯುತ್ತದೆ. ಬಲ್ಲ ರೈತ ನೊಗದ ಮೇಲೆ ಹದವಾಗಿ ಒಂದಿಷ್ಟು ಭಾರ ಬೀಳುವಂತೆ ಮೂಟೆಗಳನ್ನು ಹಿಂದೆ ಮುಂದೆ ಸರಿಸುತ್ತಾನೆ.

ಟ್ರಾವೆಲ್ ಟ್ರೇಲರೂ ಹೀಗೆಯೇ. ಅದರ ಚಕ್ರಗಳು ನಡುವಿಗಿಂತ ಸ್ವಲ್ಪ ಹಿಂದೆ ಇರುತ್ತವೆ. ಮುಂದಿನ ಮೂಕಿ ಪಿಕಪ್ಪಿನ ಹಿಂಬದಿಯ ಉಕ್ಕಿನ ಗುಂಡಿನ ಮೇಲೆ ಕುಳಿತಿರುತ್ತದೆ. ಆ ಗುಂಡನ್ನು ಮೂಕಿ ಕೆಳಮುಖವಾಗಿ ಒತ್ತುವ ಭಾರವನ್ನು ಮೂಕಿಭಾರ ಎನ್ನೋಣ. ಟ್ರೇಲರಿನ ಒಟ್ಟು ತೂಕದ ಶೇಕಡ 10ರಿಂದ 15ರಷ್ಟು ಮೂಕಿಭಾರ ಇರಬೇಕೆಂಬುದು ಅಲ್ಲಿನ ನಿಯಮ. ಪಿಕಪ್ಪಿನ ತೊಟ್ಟಿಯೊಳಗೇ ಕೊಂಡಿ ಕೂರುವ 'ಫಿಫ್ತ್ ವೀಲ್' ಎಂಬ ದೊಡ್ಡ ಟ್ರೇಲರುಗಳಲ್ಲಿ ಇದು ಶೇಕಡ 15ರಿಂದ 25ರವರೆಗೂ ಇರುತ್ತದೆ.

ಮೂಕಿಭಾರ ಇಲ್ಲದಂತೆಯೇ ಮಾಡಿಬಿಟ್ಟರೆ ಪಿಕಪ್ಪಿಗೆ ಹಗುರವಲ್ಲವೇ ಎಂದು ಚುರುಕು ವಿದ್ಯಾರ್ಥಿ ಕೇಳಬಹುದು. ಅಲ್ಲಿಯೇ ಅಪಾಯವಿರುವುದು. ಟ್ರೇಲರಿನ ಗುರುತ್ವ ಕೇಂದ್ರ ಅದರ ಚಕ್ರಗಳಿಗಿಂತ ಮುಂದೆ ಇದ್ದಾಗ, ಪಕ್ಕದಿಂದ ಗಾಳಿ ಬೀಸಿ ಅಥವಾ ದೊಡ್ಡ ಲಾರಿ ಹಾದುಹೋಗಿ ಟ್ರೇಲರ್ ಸ್ವಲ್ಪ ಓರೆಯಾದರೂ ಟೈರುಗಳ ಹಿಡಿತ ಅದನ್ನು ಮತ್ತೆ ಸಾಲಿಗೆ ತರುತ್ತದೆ. ಗುರುತ್ವ ಕೇಂದ್ರ ಹಿಂದಕ್ಕೆ ಸರಿದರೆ ಒಂದು ವೇಗವನ್ನು ಮೀರಿದೊಡನೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗುತ್ತದೆ. ಕೆಲವೇ ಕ್ಷಣಗಳಲ್ಲಿ ಟ್ರೇಲರ್ ತಾನೂ ಉರುಳಿ, ಮುಂದಿನ ವಾಹನವನ್ನೂ ಉರುಳಿಸಬಹುದು. ಅಂಥ ಹೊತ್ತಿನಲ್ಲಿ ಗಾಬರಿಯಿಂದ ಪಿಕಪ್ಪಿನ ಬ್ರೇಕನ್ನು ಬಲವಾಗಿ ತುಳಿಯಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರ ಹಿಡಿದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಾಕಬೇಕು. ಆಗ ಹಿಂದಿನ ಗಾಡಿ ಹಗ್ಗ ಜಗ್ಗಿದಂತೆ ನೇರವಾಗುತ್ತದೆ.

ಹೀಗೆ ಮೂಕಿಭಾರ ಇರಲೇಬೇಕು. ಇದ್ದರೆ ಅದನ್ನು ಪಿಕಪ್ಪು ಹೊರಲೇಬೇಕು.

ಬಾಗಿಲ ಚೀಟಿಯ ಲೆಕ್ಕ

ಅಮೆರಿಕದಲ್ಲಿ ಮಾರುವ ಬಹುತೇಕ ಪಿಕಪ್ಪುಗಳ ಚಾಲಕನ ಬಾಗಿಲ ಬಳಿ ಟೈರು ಮತ್ತು ಹೊರೆಯ ಚೀಟಿ ಅಂಟಿಸಿರುತ್ತಾರೆ. ಜನ ಮತ್ತು ಸಾಮಾನು ಸೇರಿ ಒಟ್ಟು ಇಷ್ಟು ಕಿಲೋ ಅಥವಾ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ನಮೂದಾಗಿರುತ್ತದೆ. ಇದೇ ಆ ವಾಹನದ ಹೊರೆಮಿತಿ. ಮಾದರಿಗೆ ಒಂದರಂತೆ ಅಲ್ಲ, ಆ ಒಂದು ವಾಹನಕ್ಕೇ ಸಂಬಂಧಿಸಿದ ಅಂಕಿ ಅದು. ಮೂಕಿಭಾರವೂ ಈ ಮಿತಿಯೊಳಗೇ ಬರಬೇಕು.

ಹಿಂದಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಚೀಟಿಯಲ್ಲಿ 1,500 ಪೌಂಡ್, ಎಂದರೆ 680 ಕಿಲೋ ಎಂದಿದೆ. ಟ್ರೇಲರ್ 3,175 ಕಿಲೋ. ಒಲೆ, ಅನಿಲ ಸಿಲಿಂಡರು, ಬ್ಯಾಟರಿಗಳು ಮುಂಭಾಗದಲ್ಲಿದ್ದರೆ ಮೂಕಿಭಾರ ಶೇಕಡ 13 ಇರುವುದು ಅಸಹಜವಲ್ಲ. ಅದು 413 ಕಿಲೋ ಆಯಿತು. ತಂದೆ, ತಾಯಿ, ಇಬ್ಬರು ಮಕ್ಕಳು ಸೇರಿ 230 ಕಿಲೋ. ಕೊಂಡಿಯ ಸಲಕರಣೆ 40 ಕಿಲೋ. ತೊಟ್ಟಿಯಲ್ಲಿ ಸೈಕಲ್ಲು, ಹತಾರ, ಹಿಮದ ಪೆಟ್ಟಿಗೆ ಸೇರಿ 60 ಕಿಲೋ. ಕೂಡಿಸಿದರೆ 743 ಕಿಲೋ. ಮಿತಿಗಿಂತ 63 ಕಿಲೋ ಹೆಚ್ಚು!

ಎಳೆಯುವ ಲೆಕ್ಕದಲ್ಲಿ 1,800 ಕಿಲೋ ಉಳಿತಾಯ ತೋರಿಸಿದ ಅದೇ ವಾಹನ ಹೊರುವ ಲೆಕ್ಕದಲ್ಲಿ ನಪಾಸಾಯಿತು. ಜಾಹೀರಾತಿನ 4,990 ಕಿಲೋ ಹೇಗೆ ಹೊಂದುತ್ತದೆ ಎಂಬುದನ್ನೂ ನೋಡಬಹುದು. ಅದರ ಶೇಕಡ 10 ಮೂಕಿಭಾರ 499 ಕಿಲೋ, ಇಬ್ಬರು ಆಳುಗಳು 136 ಕಿಲೋ, ಕೊಂಡಿ 40 ಕಿಲೋ. ಒಟ್ಟು 675. ಚೀಟಿಯ 680ರೊಳಗೆ ಸರಿಯಾಗಿ ಕೂತಿತು. ಎಂದರೆ ಮಕ್ಕಳನ್ನು ಮನೆಯಲ್ಲಿ ಬಿಟ್ಟು, ತೊಟ್ಟಿಯನ್ನು ಖಾಲಿ ಇಟ್ಟರೆ ಮಾತ್ರ ಆ ದೊಡ್ಡ ಅಂಕಿ ನಿಜವಾಗುತ್ತದೆ.

ಇನ್ನೊಂದು ವಿಚಿತ್ರವೆಂದರೆ, ಒಂದೇ ಹೆಸರಿನ, ಒಂದೇ ವರ್ಷದ ಎರಡು ಪಿಕಪ್ಪುಗಳ ಚೀಟಿಗಳಲ್ಲಿ ನೂರಾರು ಪೌಂಡುಗಳ ವ್ಯತ್ಯಾಸವಿರಬಹುದು. ನಾಲ್ಕು ಚಕ್ರಗಳ ಚಾಲನೆ, ಗಾಜಿನ ಚಾವಣಿ, ವಿದ್ಯುತ್ತಿನಿಂದ ಸರಿಯುವ ಚರ್ಮದ ಸೀಟುಗಳು ಇವೆಲ್ಲಕ್ಕೂ ತೂಕವಿದೆ. ಆ ತೂಕ ಹೊರೆಮಿತಿಯಿಂದಲೇ ಕಳೆಯುತ್ತದೆ. ಹೆಚ್ಚು ಹಣ ಕೊಟ್ಟು ಕೊಂಡ ಐಷಾರಾಮಿ ಪಿಕಪ್ಪು ಸಾದಾ ಪಿಕಪ್ಪಿಗಿಂತ ಕಡಿಮೆ ಹೊರುವುದುಂಟು. ಕೊಂಡ ಮೇಲೆ ತೊಟ್ಟಿಗೆ ಹಾಕಿಸಿದ ಮುಚ್ಚಳದ ತೂಕವನ್ನೂ ಕಳೆಯಬೇಕು.

ಸನ್ನೆ ಮಾಡುವ ಕೆಲಸ

ಮೂಕಿಭಾರ 400 ಕಿಲೋ ಎಂದರೆ ಪಿಕಪ್ಪಿನ ಹಿಂದಿನ ಅಚ್ಚಿನ ಮೇಲೆ 400 ಕಿಲೋ ಅಷ್ಟೇ ಬೀಳುತ್ತದೆಯೇ? ಇಲ್ಲ, ಅದಕ್ಕಿಂತ ಹೆಚ್ಚು. ಉಕ್ಕಿನ ಗುಂಡು ಹಿಂದಿನ ಅಚ್ಚಿಗಿಂತಲೂ ಹಿಂದೆ ಇದೆ. ಆದ್ದರಿಂದ ಪಿಕಪ್ಪು ಒಂದು ಸನ್ನೆಯಾಗುತ್ತದೆ, ಹಿಂದಿನ ಅಚ್ಚು ಅದರ ಆನಿಕೆಯಾಗುತ್ತದೆ. ಗುಂಡು ಅಚ್ಚಿನಿಂದ 1.5 ಮೀಟರ್ ಹಿಂದೆ ಇದ್ದು, ಎರಡು ಅಚ್ಚುಗಳ ನಡುವೆ 3.7 ಮೀಟರ್ ಅಂತರವಿದ್ದರೆ, ಮುಂದಿನ ಅಚ್ಚಿನಿಂದ 400ನ್ನು 1.5ರಿಂದ ಗುಣಿಸಿ 3.7ರಿಂದ ಭಾಗಿಸಿದಷ್ಟು, ಎಂದರೆ 162 ಕಿಲೋ ಭಾರ ಮೇಲೇಳುತ್ತದೆ. ಅದೂ ಸೇರಿ ಹಿಂದಿನ ಅಚ್ಚಿನ ಮೇಲೆ 562 ಕಿಲೋ ಬೀಳುತ್ತದೆ.

ಮಂಡ್ಯದ ಕಡೆ ಕಬ್ಬು ತುಂಬಿದ ಟ್ರೇಲರ್ ಎಳೆಯುವಾಗ ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ನೆಲ ಬಿಟ್ಟು ಏಳುವುದನ್ನು ಕಂಡವರಿಗೆ ಇದರ ಅರ್ಥ ಬೇಗ ಆಗುತ್ತದೆ. ಮುಂದಿನ ಚಕ್ರಗಳ ಮೇಲಿನ ಒತ್ತಡ ಕಡಿಮೆಯಾದರೆ ಘರ್ಷಣೆ ಕಡಿಮೆ. ಘರ್ಷಣೆ ಕಡಿಮೆಯಾದರೆ ತಿರುಗಿಸುವ ಹಿಡಿತವೂ ನಿಲ್ಲಿಸುವ ಹಿಡಿತವೂ ಕಡಿಮೆ. ಇದನ್ನು ಸರಿಪಡಿಸಲೆಂದೇ ಭಾರ ಹಂಚುವ ಕೊಂಡಿ ಎಂಬ ಸಾಧನವಿದೆ. ಎರಡು ಬಲವಾದ ಸ್ಪ್ರಿಂಗ್ ಸರಳುಗಳು ಕೊಂಡಿಯನ್ನು ಮೇಲಕ್ಕೆ ಮೀಟಿದಂತೆ ಮಾಡಿ, ಭಾರದ ಒಂದು ಪಾಲನ್ನು ಮುಂದಿನ ಅಚ್ಚಿಗೂ ಇನ್ನೊಂದು ಪಾಲನ್ನು ಟ್ರೇಲರಿನ ಅಚ್ಚಿಗೂ ಹಂಚುತ್ತವೆ. ಆದರೆ ಇದರಿಂದ ಚೀಟಿಯ ಹೊರೆಮಿತಿ ಏನೂ ಹೆಚ್ಚುವುದಿಲ್ಲ.

ಬರಿದಾದ ಮನೆಯ ತೂಕ

ಮಾರಾಟಗಾರರು ಹೇಳುವ ಇನ್ನೊಂದು ಅಂಕಿಯ ಬಗೆಗೂ ಎಚ್ಚರ ಬೇಕು. ಅದು ಟ್ರೇಲರಿನ ಖಾಲಿ ತೂಕ. ಯಾರೂ ಖಾಲಿ ಮನೆಯೊಂದಿಗೆ ಪ್ರವಾಸ ಹೋಗುವುದಿಲ್ಲ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. 150 ಲೀಟರಿನ ತೊಟ್ಟಿ ತುಂಬಿದರೆ 150 ಕಿಲೋ ಬಂತು. ಮೂಕಿಯ ಮೇಲೆ ಕೂರುವ 30 ಪೌಂಡಿನ ಎರಡು ಸಿಲಿಂಡರುಗಳಲ್ಲಿ ತಲಾ 13.6 ಕಿಲೋ ಅನಿಲ. ನಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿ ಇರುವುದು 14.2 ಕಿಲೋ, ಹೆಚ್ಚುಕಡಿಮೆ ಅಷ್ಟೇ. ಅದಕ್ಕೆ ಉಕ್ಕಿನ ಬುರುಡೆಯ ತೂಕ ಬೇರೆ. ಪಾತ್ರೆ, ಹಾಸಿಗೆ, ಬಟ್ಟೆ, ದಿನಸಿ ಎಂದು ಏರಿಸುತ್ತ ಹೋದರೆ ಹಲವು ನೂರು ಕಿಲೋ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಆ ಸಿನಿಮಾದ ಕಲ್ಲುಗಳು ಇವೇ. ಆದ್ದರಿಂದ ಲೆಕ್ಕಕ್ಕೆ ಖಾಲಿ ತೂಕವನ್ನು ಬಿಟ್ಟು, ತುಂಬಿದಾಗ ಮೀರಬಾರದೆಂದು ಟ್ರೇಲರಿನ ಮೇಲೆ ನಮೂದಿಸಿರುವ ಗರಿಷ್ಠ ತೂಕವನ್ನೇ ಹಿಡಿಯಬೇಕು.

ನೀರಿನ ತೊಟ್ಟಿ ಎಲ್ಲಿದೆ ಎಂಬುದೂ ಮುಖ್ಯ. ಅಚ್ಚಿನ ಹಿಂದಿದ್ದರೆ ತುಂಬಿಸಿದಾಗ ಮೂಕಿಭಾರ ಇಳಿಯುತ್ತದೆ, ಮುಂದಿದ್ದರೆ ಏರುತ್ತದೆ.

ಅರ್ಧ ಟನ್, ಮುಕ್ಕಾಲು ಟನ್

ಅಮೆರಿಕನ್ನರು ಪಿಕಪ್ಪುಗಳನ್ನು ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಎಂದು ವಿಂಗಡಿಸುತ್ತಾರೆ. ಫೋರ್ಡ್ ಎಫ್-150, ಶೆವರ್ಲೆ ಸಿಲ್ವರಾಡೊ 1500, ರ‍್ಯಾಮ್ 1500 ಅರ್ಧ ಟನ್ನಿನವು. ಎಫ್-250, ಸಿಲ್ವರಾಡೊ 2500, ರ‍್ಯಾಮ್ 2500 ಮುಕ್ಕಾಲು ಟನ್ನಿನವು. ಎಫ್-350 ಮತ್ತು 3500 ಅಂಕಿಯವು ಒಂದು ಟನ್ನಿನವು. ಹಿಂದೊಮ್ಮೆ ಹೊರುತ್ತಿದ್ದ ಭಾರವನ್ನು ಸೂಚಿಸುತ್ತಿದ್ದ ಈ ಹೆಸರುಗಳು ಈಗ ವರ್ಗದ ಹೆಸರುಗಳು ಮಾತ್ರ. ನಿಜವಾದ ಅಂಕಿ ಚೀಟಿಯಲ್ಲೇ ನೋಡಬೇಕು.

ಡೀಸೆಲ್ ಎಂಜಿನ್ ಬೇಕೇ, ಪೆಟ್ರೋಲ್ ಸಾಕೇ ಎಂಬ ವಾದವೂ ಇದೆ. ಡೀಸೆಲ್ಲಿನ ತಿರುಗುಬಲ ಕಡಿಮೆ ವೇಗದಲ್ಲೇ ಸಿಗುತ್ತದೆ, ದೀರ್ಘ ಏರಿನಲ್ಲಿ ಅದು ಸುಖ. ಆದರೆ ದೊಡ್ಡ ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್ನಿಗಿಂತ ನೂರಾರು ಪೌಂಡ್ ಭಾರ. ಅದೇ ಮಾದರಿಯಲ್ಲಿ ಡೀಸೆಲ್ ಆರಿಸಿದರೆ ಎಳೆತ ಹೆಚ್ಚಿ ಹೊರೆಮಿತಿ ಇಳಿಯುವುದು ಸಾಮಾನ್ಯ. ವಿದ್ಯುತ್ ಪಿಕಪ್ಪುಗಳಿಗೆ ಎಳೆಯುವ ಬಲಕ್ಕೆ ಕೊರತೆಯಿಲ್ಲ. ಆದರೆ ದೊಡ್ಡ ಟ್ರೇಲರ್ ಕಟ್ಟಿದಾಗ ಒಂದು ಚಾರ್ಜಿಗೆ ಓಡುವ ದೂರ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಹಾಗಾದರೆ ಇರುವುದರಲ್ಲಿ ಅತಿ ದೊಡ್ಡದನ್ನೇ ಕೊಂಡರಾಯಿತಲ್ಲ ಎನ್ನುವವರಿದ್ದಾರೆ. ಅದಕ್ಕೂ ಬೆಲೆ ತೆರಬೇಕು. ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಪ್ರಸಿದ್ಧ ಪರ್ವತ ರಸ್ತೆಯ ಎತ್ತರದ ಭಾಗದಲ್ಲಿ 21 ಅಡಿಗಿಂತ ಉದ್ದದ ವಾಹನಗಳಿಗೆ ಪ್ರವೇಶವಿಲ್ಲ. ನಾಲ್ಕು ಬಾಗಿಲು ಮತ್ತು ಉದ್ದ ತೊಟ್ಟಿಯ ದೊಡ್ಡ ಪಿಕಪ್ಪು ತಾನೇ 22 ಅಡಿ ಇರುತ್ತದೆ. ಟ್ರೇಲರನ್ನು ಕಳಚಿಟ್ಟು ಬಂದರೂ ಅದು ಆ ರಸ್ತೆಗೆ ಹೋಗುವಂತಿಲ್ಲ. ಕೆಲಸಕ್ಕೆ, ಶಾಲೆಗೆ, ಸಂತೆಗೆ ವರ್ಷವಿಡೀ ಓಡಿಸಬೇಕಾದದ್ದೂ ಇದೇ ವಾಹನವನ್ನು ತಾನೇ?

ಏರಿನ ಬಲ, ಇಳಿಜಾರಿನ ಬಿಸಿ

ಪಿಕಪ್ಪು, ಟ್ರೇಲರು, ಜನ ಎಲ್ಲ ಸೇರಿ 6,000 ಕಿಲೋ ಎನ್ನೋಣ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 72 ಕಿಲೋಮೀಟರ್, ಎಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹತ್ತಲು, ಗುರುತ್ವವನ್ನು ಗೆಲ್ಲುವುದಕ್ಕೇ ಸುಮಾರು 70 ಕಿಲೋವ್ಯಾಟ್ ಬೇಕು. ಅದು 95 ಅಶ್ವಶಕ್ತಿ. ಗಾಳಿಯ ತಡೆ ಬೇರೆ. ಟ್ರೇಲರಿನ ಎದುರುಮೈ ಗೋಡೆಯಂತೆ ಅಗಲವಾದದ್ದು. ಗಾಳಿಯನ್ನು ಸೀಳಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. 80ರಿಂದ 100 ಕಿಲೋಮೀಟರಿಗೆ ವೇಗ ಹೆಚ್ಚಿಸಿದರೆ ಅದು ಸುಮಾರು ಎರಡರಷ್ಟಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನಗಳಿಗೆ ಗಂಟೆಗೆ 55 ಮೈಲಿಯ ಮಿತಿ ಇದೆ. ಸುಮಾರು 88 ಕಿಲೋಮೀಟರ್.

ಕೊಲೊರಾಡೊದ ಡೆನ್ವರ್ ನಗರದಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿ ಐಸೆನ್‌ಹೋವರ್ ಸುರಂಗದಲ್ಲಿ 3,400 ಮೀಟರ್ ಎತ್ತರ ಮುಟ್ಟುತ್ತದೆ. ಅಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಶೇಕಡ 3ರಂತೆ ಸೊರಗುತ್ತ ಬಂದು, ಆ ಎತ್ತರದಲ್ಲಿ ತನ್ನ ಬಲದ ಮೂರನೇ ಒಂದು ಪಾಲನ್ನು ಕಳೆದುಕೊಂಡಿರುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಜಿನ್ನಿಗೆ ಈ ನಷ್ಟ ಕಡಿಮೆ. ಪರ್ವತ ಪ್ರದೇಶದವರು ಪಿಕಪ್ ಆರಿಸುವಾಗ ಇದನ್ನು ಗಮನಿಸುತ್ತಾರೆ. ಹಿಂದಿನ ಅಚ್ಚಿನ ಗೇರು ಅನುಪಾತವನ್ನೂ ನೋಡುತ್ತಾರೆ. 3.73 ಎಂದರೆ ಚಕ್ರ ಒಂದು ಸುತ್ತು ತಿರುಗಲು ಚಾಲಕ ದಂಡ 3.73 ಸುತ್ತು ತಿರುಗಬೇಕು. ಅಂಕಿ ದೊಡ್ಡದಾದಷ್ಟೂ ಎಳೆತ ಹೆಚ್ಚು, ಇಂಧನದ ಖರ್ಚೂ ತುಸು ಹೆಚ್ಚು.

ಹತ್ತಿದ್ದು ಇಳಿಯಲೇಬೇಕು. 6,000 ಕಿಲೋದ ಈ ಜೋಡಿ ಅರ್ಧ ಕಿಲೋಮೀಟರ್ ಎತ್ತರದಿಂದ ಕೆಳಗಿಳಿದಾಗ ಬಿಡುಗಡೆಯಾಗುವ ಪ್ರಚ್ಛನ್ನ ಶಕ್ತಿ ಸುಮಾರು 29 ಮೆಗಾಜೂಲ್. 90 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಬಿಂದುವಿಗೆ ತರಲು ಇಷ್ಟು ಶಾಖ ಸಾಕು. ಇದನ್ನೆಲ್ಲ ಬ್ರೇಕುಗಳ ಮೇಲೆ ಹೊರಿಸಿದರೆ ಅವು ಕೆಂಪಗೆ ಕಾದು ಹಿಡಿತ ಕಳೆದುಕೊಳ್ಳುತ್ತವೆ. ಅದಕ್ಕಾಗಿಯೇ ಇಳಿಜಾರಿನ ಮೊದಲೇ ಕೆಳ ಗೇರಿಗೆ ಬಂದು ಎಂಜಿನ್ನಿನಿಂದಲೇ ತಡೆಯಬೇಕು. ಟ್ರೇಲರಿಗೂ ಸ್ವಂತ ಬ್ರೇಕು ಇರಬೇಕು. ಬಹಳಷ್ಟು ರಾಜ್ಯಗಳಲ್ಲಿ 3,000 ಪೌಂಡಿನ, ಎಂದರೆ 1,360 ಕಿಲೋದ ಮೇಲಿನ ಟ್ರೇಲರಿಗೆ ಇದು ಕಡ್ಡಾಯ. ಟ್ರೇಲರಿನ ವಿದ್ಯುತ್ ಬ್ರೇಕುಗಳನ್ನು ನಡೆಸುವ ನಿಯಂತ್ರಕ ಪಿಕಪ್ಪಿನಲ್ಲಿದೆಯೇ ಎಂದು ಕೊಳ್ಳುವ ಮುನ್ನವೇ ಕೇಳಬೇಕು.

ಅಳೆದು ನೋಡುವುದು ಹೇಗೆ?

ಮೊದಲು ಟ್ರೇಲರ್, ಆಮೇಲೆ ಪಿಕಪ್. ಇದೇ ಸರಿಯಾದ ಕ್ರಮ. ಕುಟುಂಬಕ್ಕೆ ಬೇಕಾದ ಟ್ರೇಲರಿನ ಗರಿಷ್ಠ ತೂಕ ಬರೆದುಕೊಂಡು, ಅದರ ಶೇಕಡ 13 ತೆಗೆದು, ಜನ, ಕೊಂಡಿ, ಸಾಮಾನು ಕೂಡಿಸಿ, ಬರುವ ಮೊತ್ತಕ್ಕಿಂತ ಹೆಚ್ಚು ಹೊರೆಮಿತಿಯ ಚೀಟಿಯಿರುವ ಪಿಕಪ್ಪನ್ನು ಹುಡುಕಬೇಕು. ಹಿಂದಿನ ಅಚ್ಚಿನ ಮಿತಿ, ಕೊಂಡಿಯ ಮಿತಿ, ಎರಡೂ ವಾಹನ ಸೇರಿದ ಒಟ್ಟು ತೂಕದ ಮಿತಿ, ಟೈರುಗಳ ಮಿತಿ ಇವನ್ನೂ ನೋಡಬೇಕು. ಇವುಗಳಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಆ ವಾಹನದ ನಿಜವಾದ ಮಿತಿ. ಪಿಕಪ್ ಈಗಾಗಲೇ ಮನೆಯಲ್ಲಿದ್ದರೆ ಲೆಕ್ಕವನ್ನು ತಿರುವಿ ಹಾಕಿ ಟ್ರೇಲರನ್ನು ಚಿಕ್ಕದು ಮಾಡಬೇಕು. ಮೇಲಿನ ಉದಾಹರಣೆಯ ಕುಟುಂಬ 2,400 ಕಿಲೋದ ಟ್ರೇಲರನ್ನು ಆರಿಸಿದ್ದರೆ ಮೂಕಿಭಾರ 312 ಕಿಲೋ ಆಗಿ, ಒಟ್ಟು 642 ಕಿಲೋ ಬಂದು, 680ರೊಳಗೆ ಸುಖವಾಗಿ ಕೂರುತ್ತಿತ್ತು.

ಕಾಗದದ ಲೆಕ್ಕವನ್ನು ತೂಗಿ ಖಚಿತಪಡಿಸಿಕೊಳ್ಳುವುದು ಕೊನೆಯ ಹೆಜ್ಜೆ. ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳನ್ನು ತೂಗುವ ಕಟ್ಟೆಯಂಥ ತೂಕದ ಕಟ್ಟೆಗಳು ಅಮೆರಿಕದ ಲಾರಿ ತಂಗುದಾಣಗಳಲ್ಲಿ ಇರುತ್ತವೆ. 'ಕ್ಯಾಟ್ ಸ್ಕೇಲ್' ಹೆಸರಿನವು ಪ್ರಸಿದ್ಧ. ಅಲ್ಲಿ ಪಿಕಪ್ಪಿನ ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚು ಮೂರನ್ನೂ ಬೇರೆ ಬೇರೆಯಾಗಿ ತೂಗಿ ಚೀಟಿ ಕೊಡುತ್ತಾರೆ.

ಮೂಕಿಭಾರವನ್ನಂತೂ ಮನೆಯಲ್ಲೇ ಅಳೆಯಬಹುದು. ಮನುಷ್ಯರು ನಿಂತು ನೋಡುವ ಸಾಧಾರಣ ತೂಕದ ಯಂತ್ರ 413 ಕಿಲೋ ತಡೆಯದು. ಆದರೆ ಒಂದು ಗಟ್ಟಿ ಹಲಗೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೆ, ಅಲ್ಲಿಂದ ಮೂರು ಅಡಿ ದೂರದ ಇನ್ನೊಂದು ತುದಿಯನ್ನು ಯಂತ್ರದ ಮೇಲೆ ಇಟ್ಟು, ಇಟ್ಟಿಗೆಯಿಂದ ಒಂದು ಅಡಿ ದೂರದಲ್ಲಿ ಮೂಕಿಯನ್ನು ಕೂರಿಸಿದರೆ ಯಂತ್ರದ ಮೇಲೆ ಬೀಳುವುದು ಮೂರರಲ್ಲಿ ಒಂದು ಪಾಲು ಮಾತ್ರ. ಅದು 138 ಕಿಲೋ ತೋರಿಸಿದರೆ ಮೂರರಿಂದ ಗುಣಿಸಿದರಾಯಿತು. ಟ್ರೇಲರ್ ಸಮತಟ್ಟಾಗಿ ನಿಂತಿರಬೇಕು, ಅದರ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟಿರಬೇಕು, ಹಿರಿಯರು ಜೊತೆಗಿರಬೇಕು.

ಗಾಲಿಮನೆ ಕಾಣದ ಊರಿನ ಮಕ್ಕಳೂ ಈ ಪ್ರಯೋಗವನ್ನು ಒಂದು ಅಡ್ಡಪಟ್ಟಿ, ಅಡುಗೆಮನೆಯ ತಕ್ಕಡಿ ಮತ್ತು ಒಂದು ಕಿಲೋ ಸಕ್ಕರೆಯ ಪೊಟ್ಟಣದಿಂದ ಮಾಡಿ ನೋಡಬಹುದು. ಪೊಟ್ಟಣವನ್ನು ಸರಿಸಿದಂತೆಲ್ಲ ತಕ್ಕಡಿಯ ಅಂಕಿ ಬದಲಾಗುವುದು ಕಣ್ಣಿಗೆ ಕಾಣುತ್ತದೆ. ಮುಂದೊಂದು ದಿನ ಅವರಲ್ಲಿ ಯಾರಾದರೂ ಪಿಕಪ್ ಕೊಳ್ಳಲಿ, ಟ್ರ್ಯಾಕ್ಟರ್ ಕೊಳ್ಳಲಿ, ಬರೀ ಗಾಡಿಗೆ ಮೂಟೆ ಹೇರಲಿ, ಎಷ್ಟು ಎಳೆಯುತ್ತದೆ ಎಂದು ಕೇಳುವ ಮೊದಲು ಭಾರ ಎಲ್ಲಿ ಬೀಳುತ್ತದೆ ಎಂದು ನೋಡುವ ಅಭ್ಯಾಸವಿದ್ದರೆ, ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿರುವ ಮಕ್ಕಳು ಕ್ಷೇಮವಾಗಿ ಊರು ಸೇರುತ್ತಾರೆ.